10–12ರ ಮಕ್ಕಳ ತಂಡಕ್ಕೆ ಬ್ಲಿಟ್ಜ್ ಕಲಿಸುವುದು: 5-3 ಡಿಫೆನ್ಸ್‌ನಲ್ಲಿ ಯಾರು ನುಗ್ಗಬೇಕು, ಯಾರು ನಿಲ್ಲಬೇಕು?

ತುಂಗೆ_ತೀರ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 10ರಿಂದ 12 ವಯಸ್ಸಿನ ಮಕ್ಕಳ ಟ್ಯಾಕಲ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ತಂಡದ ಡಿಫೆನ್ಸ್ ನೋಡಿಕೊಳ್ಳುತ್ತಿದ್ದೇನೆ. ನಮ್ಮದು 5-3: ಮುಂದೆ ಐವರು ಲೈನ್‌ಮನ್, ಹಿಂದೆ ಮೂವರು ಲೈನ್‌ಬ್ಯಾಕರ್, ಅಂಚುಗಳಲ್ಲಿ ಇಬ್ಬರು ಕಾರ್ನರ್, ಎಲ್ಲರ ಹಿಂದೆ ಒಬ್ಬ ಸೇಫ್ಟಿ. ಬ್ಲಿಟ್ಜ್ ಕರೆದು, ಅಂದರೆ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ನನ್ನು ಲೈನ್ ದಾಟಿಸಿ ಎದುರು ತಂಡದೊಳಕ್ಕೆ ನುಗ್ಗಿಸಿದಾಗಲೆಲ್ಲ ಎರಡರಲ್ಲಿ ಒಂದು ಆಗುತ್ತದೆ. ಹಿಂದೆಯೇ ಹಿಡಿದು ಹಾಕುತ್ತೇವೆ, ಇಲ್ಲವೇ ಸ್ವೀಪ್ (ಅಂಚಿನ ಕಡೆ ಚೆಂಡು ಹಿಡಿದು ಓಡುವ ಪ್ಲೇ) ಹೊರಗಡೆಯಿಂದ ತಪ್ಪಿಸಿಕೊಂಡು ನೇರ ಟಚ್‌ಡೌನ್.

ಕೇಳಬೇಕಾದ್ದು ಇಷ್ಟು: ಈ ವಯಸ್ಸಿಗೆ ಎಷ್ಟು ಬ್ಲಿಟ್ಜ್ ಸಾಕು? ನುಗ್ಗಿದವನ ಜಾಗ ಯಾರು ಮುಚ್ಚಬೇಕು? ಮಕ್ಕಳು ಕ್ವಾರ್ಟರ್‌ಬ್ಯಾಕ್‌ನನ್ನೂ (ಸೆಂಟರ್‌ನಿಂದ ಚೆಂಡು ಪಡೆದು ಎಸೆಯುವವನನ್ನು) ದಾಟಿ ಓಡಿಬಿಡುವುದನ್ನು ನಿಲ್ಲಿಸುವುದು ಹೇಗೆ?

ಬಿ_ಗ್ಯಾಪ್

ಎರಡು ಸಾಕು. ಎರಡನ್ನೂ ಹನ್ನೊಂದು ಮಕ್ಕಳೂ ನಿದ್ದೆಯಲ್ಲಿ ಕೇಳಿದರೂ ಹೇಳುವಂತಾದ ಮೇಲೆ ಮೂರನೆಯದರ ಯೋಚನೆ ಮಾಡಿ.

ಲೈನ್‌ಬ್ಯಾಕರ್ ನುಗ್ಗಿದ ಕ್ಷಣ ಅವನ ಹಳೆಯ ಕೆಲಸ ಅನಾಥವಾಗುತ್ತದೆ. ಆ ಕೆಲಸ ಯಾರ ಪಾಲಿಗೆ ಬಂತು ಎಂದು ಆ ಹುಡುಗನೇ ಬೆರಳು ಮಾಡಿ ತೋರಿಸಲಾಗದಿದ್ದರೆ ಆ ಬ್ಲಿಟ್ಜ್ ಆಟಕ್ಕೆ ಇಳಿಯಬಾರದು. ನಿಮ್ಮ ಸ್ವೀಪ್ ಟಚ್‌ಡೌನ್‌ಗಳ ಮೂಲ ಬಹುಶಃ ಇಲ್ಲೇ ಇದೆ. ಹೊರಗಿನ ಲೈನ್‌ಬ್ಯಾಕರ್ ಒಳಕ್ಕೆ ನುಗ್ಗುತ್ತಾನೆ, ಅದೇ ಹುರುಪಿನಲ್ಲಿ ಎಂಡ್ (ನಮ್ಮ ಲೈನ್‌ನ ತುದಿಯವನು) ಕೂಡ ಒಳಕ್ಕೆ ಬರುತ್ತಾನೆ, ಹೊರಗಡೆ ಕಾರ್ನರ್ ಬಿಟ್ಟರೆ ನರಪಿಳ್ಳೆಯೂ ಇರುವುದಿಲ್ಲ.

ಮೊದಲು ಬೇಸ್‌ನಲ್ಲಿ, ಅಂದರೆ ಬ್ಲಿಟ್ಜ್ ಇಲ್ಲದ ಮಾಮೂಲಿ ನಿಲುವಿನಲ್ಲಿ, ಎದುರಿನ ಲೈನ್‌ನ ಗ್ಯಾಪ್ ಲೆಕ್ಕ ಸರಿ ಮಾಡಿಕೊಳ್ಳಿ. ಸೆಂಟರ್–ಗಾರ್ಡ್ ನಡುವೆ ಎ, ಗಾರ್ಡ್–ಟ್ಯಾಕಲ್ ನಡುವೆ ಬಿ, ಟ್ಯಾಕಲ್–ಟೈಟ್ ಎಂಡ್ (ಲೈನ್‌ನ ತುದಿಗೆ ನಿಂತು ಪಾಸ್ ಕೂಡ ಹಿಡಿಯುವವನು) ನಡುವೆ ಸಿ, ಅದರಾಚೆ ಡಿ. ನೋಸ್, ಅಂದರೆ ನಮ್ಮ ಲೈನ್‌ನ ನಡುವಿನವನು, ಸೆಂಟರ್‌ನ ಎದುರಿಗೇ ನಿಂತು, ಕರೆದ ಕಡೆಯ ಎ ಗ್ಯಾಪ್‌ಗೆ ಓರೆಯಾಗಿ ಹೋಗುತ್ತಾನೆ. ಇನ್ನೊಂದು ಎ ಗ್ಯಾಪ್ ಮೈಕ್‌ನದು, ಅಂದರೆ ನಡುವಿನ ಲೈನ್‌ಬ್ಯಾಕರ್‌ನದು. ಇಬ್ಬರು ಡಿಫೆನ್ಸಿವ್ ಟ್ಯಾಕಲ್‌ಗಳು ಗಾರ್ಡ್‌ನ ಹೊರಭುಜದ ಮೇಲೆ, ಅಂದರೆ 3 ಟೆಕ್ನಿಕ್‌ನಲ್ಲಿ ನಿಂತು ಬಿ ಗ್ಯಾಪ್ ಹಿಡಿಯುತ್ತಾರೆ. ಟೈಟ್ ಎಂಡ್ ಕಡೆಯ ಹೊರ ಲೈನ್‌ಬ್ಯಾಕರ್ ಸ್ಯಾಮ್, ಇನ್ನೊಂದು ಕಡೆಯವನು ವಿಲ್; ಇಬ್ಬರಿಗೂ ತಮ್ಮ ತಮ್ಮ ಕಡೆಯ ಸಿ ಗ್ಯಾಪ್. ಎಂಡ್‌ಗಳು ಟೈಟ್ ಎಂಡ್‌ನ ಹೊರಭುಜದ ಮೇಲೆ. ಟೈಟ್ ಎಂಡ್ ಇಲ್ಲದ ಕಡೆ ಟ್ಯಾಕಲ್‌ನಿಂದ ಒಂದು ಯಾರ್ಡ್ ಹೊರಗೆ. ಚೆಂಡು ತಮ್ಮ ಹೊರಗಿನಿಂದ ದಾಟದಂತೆ ಕಾಯುವುದು, ಅಂದರೆ ಕಂಟೇನ್, ಎಂಡ್‌ಗಳ ಕೆಲಸ. ಲೈನ್‌ಬ್ಯಾಕರ್‌ಗಳ ಕಾಲ್ಬೆರಳು ಚೆಂಡಿನಿಂದ 4 ಯಾರ್ಡ್ ಹಿಂದೆ ಇರಲಿ.

ಮೊದಲ ಬ್ಲಿಟ್ಜ್ "ಮೈಕ್". ನೋಸ್ ಬಲ ಎ ಗ್ಯಾಪ್‌ಗೆ ಹೋದರೆ ಮೈಕ್ ಎಡ ಎ ಗ್ಯಾಪ್‌ಗೆ, ಏನನ್ನೂ ಓದದೆ, ಸ್ನ್ಯಾಪ್ ಆದ ಕೂಡಲೇ, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ. ಇಲ್ಲಿ ಯಾರ ಗ್ಯಾಪ್ ಕೂಡ ಬದಲಾಗುವುದಿಲ್ಲ, ಅದಕ್ಕೇ ಇದನ್ನು ಮೊದಲು ಕಲಿಸಬೇಕು. ತೆರೆದುಕೊಳ್ಳುವುದು ಮೈಕ್ ಬಿಟ್ಟುಹೋದ ನಡುವಿನ ಜಾಗ ಮಾತ್ರ: ಟೈಟ್ ಎಂಡ್‌ಗೆ ಎಸೆಯುವ ಗಿಡ್ಡ ಪಾಸ್, ಡ್ರಾ (ಪಾಸ್ ಎಂದು ತೋರಿಸಿ ಓಡುವುದು), ಓಟಗಾರ ಒಳಕ್ಕೆ ಹೊರಳುವ ಕಟ್‌ಬ್ಯಾಕ್. ಆದ್ದರಿಂದ ಸ್ಯಾಮ್ ಮತ್ತು ವಿಲ್ ಒಂದು ಹೆಜ್ಜೆ ಒಳಕ್ಕೆ ಸರಿದು ನಿಲ್ಲಬೇಕು. ಓಡುವಂತಿಲ್ಲ, ಒಂದೇ ಹೆಜ್ಜೆ.

ಎರಡನೆಯದು "ಸ್ವಾಪ್". ಸ್ಯಾಮ್ ಮತ್ತು ಅವನ ಕಡೆಯ ಎಂಡ್ ಕೆಲಸ ಬದಲಿಸಿಕೊಳ್ಳುತ್ತಾರೆ. ಎಂಡ್ ಸ್ನ್ಯಾಪ್‌ಗೆ ಸರಿಯಾಗಿ ಒಳಕ್ಕೆ, ಸಿ ಗ್ಯಾಪ್‌ಗೆ. ಸ್ಯಾಮ್ ಅವನ ಹೊರಗಿನಿಂದ ನುಗ್ಗಿ ಕಂಟೇನ್ ವಹಿಸಿಕೊಳ್ಳುತ್ತಾನೆ. ಅಟ್ಟಾಡಿಸುವ ಆಸೆಯಲ್ಲಿ ಸ್ಯಾಮ್ ಕೂಡ ಒಳದಾರಿ ಹಿಡಿದರೆ ಆಟ ಮುಗಿಯಿತು. ಕರೆ ಬಂದ ಮೇಲೆ ಸ್ಯಾಮ್ "ಹೊರಗೆ ನಾನು" ಎಂದೂ ಎಂಡ್ "ಒಳಗೆ ನಾನು" ಎಂದೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅಭ್ಯಾಸ ಮಾಡಿಸಿ. ಹೇಳದಿದ್ದರೆ ಪ್ರ್ಯಾಕ್ಟೀಸ್‌ನಲ್ಲಿ ಆ ಪ್ಲೇ ನಿಲ್ಲಿಸಿ ಮತ್ತೆ ಮೊದಲಿನಿಂದ.

ಎರಡರಲ್ಲೂ ಆರು ಜನ ನುಗ್ಗುತ್ತಾರೆ, ಐವರು ಉಳಿಯುತ್ತಾರೆ. ಆ ಐವರಲ್ಲಿ ಸೇಫ್ಟಿಯೂ ಕಾರ್ನರ್‌ಗಳೂ ಹಿಂದಿನ ಮೂರು ಭಾಗ ಹಂಚಿಕೊಂಡು ನಿಲ್ಲಲಿ, ಉಳಿದ ಇಬ್ಬರು ಲೈನ್‌ಬ್ಯಾಕರ್ ಮುಂದಿನ ಜಾಗಕ್ಕೆ. ಸೇಫ್ಟಿಯನ್ನು ಈ ವಯಸ್ಸಿನಲ್ಲಿ ಯಾವ ಕಾರಣಕ್ಕೂ ನುಗ್ಗಿಸಬೇಡಿ.

ಕಟ್ಟಾ_ಡಿಫೆನ್ಸ್

ಗ್ಯಾಪ್ ಲೆಕ್ಕ ಒಪ್ಪುತ್ತೇನೆ, ಮಿತವಾಗಿ ಬಳಸಬೇಕೆಂಬುದನ್ನು ಮಾತ್ರ ಒಪ್ಪುವುದಿಲ್ಲ ಸರ್. 12ರ ಒಳಗಿನ ಮಕ್ಕಳಲ್ಲಿ ಮೈಕ್‌ನನ್ನು ಪ್ರತಿ ಡೌನ್‌ನಲ್ಲೂ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಪ್ರತಿಯೊಂದರಲ್ಲೂ) ನುಗ್ಗಿಸಬಹುದು. ಕಾರಣ ಎದುರು ತಂಡದಲ್ಲಿದೆ. ಸೆಂಟರ್ ಚೆಂಡನ್ನು ಕಾಲ ಸಂದಿಯಿಂದ ಸರಿಯಾಗಿ ಕೊಟ್ಟು, ತಲೆಯೆತ್ತಿ, ತನ್ನ ಪಕ್ಕದ ಗ್ಯಾಪ್‌ಗೆ ಬರುವವನನ್ನೂ ತಡೆಯುವುದು ಈ ವಯಸ್ಸಿಗೆ ಬಹಳ ಕಷ್ಟ. ಕ್ವಾರ್ಟರ್‌ಬ್ಯಾಕ್ ದೂರ ಹಿಂದೆ ನಿಲ್ಲುವ ಶಾಟ್‌ಗನ್‌ನಲ್ಲಂತೂ ಚೆಂಡು ಗಾಳಿಯಲ್ಲಿ 4–5 ಯಾರ್ಡ್ ಹೋಗಿ ಕ್ವಾರ್ಟರ್‌ಬ್ಯಾಕ್ ಕೈ ಸೇರುವಷ್ಟರಲ್ಲಿ ಮೈಕ್ ಲೈನ್ ದಾಟಿರುತ್ತಾನೆ. ಸ್ನ್ಯಾಪ್ ಸ್ವಲ್ಪ ಎತ್ತರವೋ ತಗ್ಗೋ ಆದರೆ ಅಲ್ಲಿಗೆ ಪ್ಲೇ ಸತ್ತಂತೆ.

ಇನ್ನೊಂದು ಲಾಭ: "ಓದು, ನಿರ್ಧರಿಸು, ಹೋಗು" ಎಂದರೆ ಹತ್ತು ವರ್ಷದ ಮಗು ನಿಂತಲ್ಲೇ ನಿಂತುಬಿಡುತ್ತದೆ. "ಚೆಂಡು ಅಲ್ಲಾಡಿತೋ, ಹೋಗು" ಎಂದರೆ ಹೋಗುತ್ತದೆ. ಕಾಲು ಓಡಿದ ಮೇಲೆ ಧೈರ್ಯ ತಾನಾಗಿ ಬರುತ್ತದೆ.

ಧಾರವಾಡ_ಪೇಡೆ

ಕಟ್ಟಾ ಅಣ್ಣಾರ, ಮೊದಲ್ನೇ ಎರಡು ಮ್ಯಾಚ್ ನಿಮ್ಮ ಮಾತು ಖರೇ ಅನಸ್ತದ. ಆಮ್ಯಾಗ ಎದುರಿನ ಕೋಚ್ ನಿಮ್ಮ ಆಟ ನೋಡಿಕೊಂಡು ಬರ್ತಾನ. ಮೈಕ್ ಪ್ರತಿ ಸಲ ನುಗ್ಗತಾನ ಅಂತ ಗೊತ್ತಾದ್ರ ಅವಗ ಮೂರು ಔಷಧ ಅದಾವ: ಟ್ರ್ಯಾಪ್, ಡ್ರಾ, ಸ್ಕ್ರೀನ್ (ನುಗ್ಗೋರನ್ನ ಒಳಗ ಬಿಟ್ಟು ಅವರ ಬೆನ್ನ ಹಿಂದ ಎಸೆಯೋ ಗಿಡ್ಡ ಪಾಸ್).

ಟ್ರ್ಯಾಪ್ ಹೆಂಗ ಅಂದ್ರ, ನಿಮ್ಮ ಹುಡುಗಗ ಬೇಕಂತಲೇ ದಾರಿ ಬಿಡ್ತಾರ. ಅವ ಖುಷೀಲೆ ಒಳಗ ನುಗ್ಗತಾನ. ಆ ಕಡೀ ಗಾರ್ಡ್ ಲೈನ್ ಹಿಂದಿನಿಂದ ಓಡಿ ಬಂದು ಬಾಜೂಕಿಂದ ದೂಡ್ತಾನ, ಓಟಗಾರ ಅದ ಜಾಗಾದಾಗ ಹಾದು ಹೋಗ್ತಾನ. ಅದಕ್ಕ ನುಗ್ಗೋ ಪ್ರತಿಯೊಬ್ಬ ಹುಡುಗಗ ಒಂದು ನಿಯಮ ಕಲಸ್ರಿ: ಲೈನ್ ದಾಟೂ ಮುಂದ ಯಾರೂ ನಿನ್ನ ಮುಟ್ಟಲಿಲ್ಲ ಅಂದ್ರ ಗಕ್ಕನ ನಿಲ್ಲು, ಒಳಗಡೆ ನೋಡು, ಬಾಗು. ದೂಡಾಕ ಬರೋ ಗಾರ್ಡ್ ಅಲ್ಲಿಂದನ ಬರ್ತಾನ.

ಅವನ್ನ ಕಂಡ ಮ್ಯಾಲೆ ಏನು ಮಾಡಬೇಕು ಅನ್ನೂದು ಅವನ ಕೆಲಸದ ಮ್ಯಾಲೆ ಹೋಗ್ತದ. ಒಳಗಿನ ಗ್ಯಾಪ್ ಹುಡುಗ ಆದ್ರ ಹೊರಗಿನ ಭುಜದ್ಲೆ ಗಾರ್ಡ್‌ನ ಒಳಭಾಗಕ್ಕ ಹೊಡದು ದಾರಿ ಮುಚ್ಚಬೇಕು, ಆಗ ಚೆಂಡು ಹೊರಗ ಚೆಲ್ಲತದ, ಅಲ್ಲಿ ಕಂಟೇನ್ ಹುಡುಗ ಕಾಯ್ತಿರತಾನ. ಕಂಟೇನ್ ಹುಡುಗ ಆದ್ರ ಉಲ್ಟಾ: ಒಳಗಿನ ಭುಜ ಕೊಡಬೇಕು, ಹೊರಗಿನ ಕೈ ಹೊರಗಿನ ಕಾಲು ಬಿಡುವಾಗಿ ಇಟ್ಟಗೋಬೇಕು. ಕಬಡ್ಡಿಯೊಳಗ ರೈಡರ್ ಇನ್ನೂ ಆ ಕಡೀ ಇರುವಾಗನ ಕಾರ್ನರ್‌ದವ ಮುಂದ ಬಿದ್ದ ಅಂದ್ರ ಅವನ ಬೆನ್ನ ಹಿಂದಿನ ಜಾಗಾ ಪೂರಾ ಖಾಲಿ ಆಗ್ತದಲ್ಲ, ಕಂಟೇನ್ ಬಿಟ್ಟು ಒಳಗ ಹೋದ ಎಂಡ್‌ಂದೂ ಅದ ಗತಿ.

ಅದಕ್ಕ ನನ್ನ ಮಾತು: ನಾಲ್ಕರಾಗ ಒಂದೋ ಎರಡೋ ಸಲ ನುಗ್ಗಿಸ್ರಿ, ಉಳಿದ ಸಲ ನುಗ್ಗಿದಂಗ ಮಾಡಿ ನಿಲ್ಲಸ್ರಿ. ಕರೆ ಇಲ್ಲದಾಗೂ ಮೈಕ್ 4 ಯಾರ್ಡಿಂದ 2 ಯಾರ್ಡಿಗೆ ನಡಕೋತ ಬರ್ಲಿ, ಸ್ನ್ಯಾಪ್‌ಗೂ ಮುಂಚೆ ವಾಪಸ್ ಹೋಗ್ಲಿ. ಖರೇ ಬ್ಲಿಟ್ಜ್ ಯಾವುದು, ಸುಳ್ಳು ಯಾವುದು ಅಂತ ಸೆಂಟರ್‌ಗೆ ತಿಳೀಬಾರದು.

ಹಳದಿ_ಬಾವುಟ

ಅಂಪೈರಿಂಗ್ ಕಡೆಯಿಂದ ಒಂದಷ್ಟು. ಯಾವ ಬ್ಲಿಟ್ಜ್ ಕಲಿಸುವ ಮುಂಚೆಯೂ ನಿಮ್ಮ ಲೀಗ್‌ನ ನಿಯಮಪುಸ್ತಕದಲ್ಲಿ ನಿಮ್ಮ ವಯಸ್ಸಿನ ವಿಭಾಗದ ಪುಟ ಓದಿ. ಸಣ್ಣ ಮಕ್ಕಳ ವಿಭಾಗಗಳಲ್ಲಿ ಹಲವು ಲೀಗ್‌ಗಳು ಬ್ಲಿಟ್ಜ್ ಅನ್ನೇ ನಿಷೇಧಿಸಿವೆ. ಕೆಲವು ಕಡೆ ಲೈನ್‌ಬ್ಯಾಕರ್ ಇಷ್ಟು ಯಾರ್ಡ್ ಹಿಂದೆಯೇ ಇರಬೇಕು, ಸೆಂಟರ್‌ನ ಮೇಲೆ ಅಥವಾ ಎ ಗ್ಯಾಪ್‌ನಲ್ಲಿ ಯಾರೂ ನಿಲ್ಲಬಾರದು ಎಂದಿದೆ. ದೊಡ್ಡ ಅಂತರದಲ್ಲಿ ಗೆಲ್ಲುತ್ತಿರುವ ತಂಡ ನುಗ್ಗಿಸಬಾರದು ಎಂಬ ನಿಯಮವೂ ಉಂಟು.

ಮೂಲ ನಿಯಮ ಯಾವುದು ಎಂಬುದೂ ಮುಖ್ಯ. ಬಹುತೇಕ ರಾಜ್ಯಗಳಲ್ಲಿ ಹೈಸ್ಕೂಲಿನ ಎನ್‌ಎಫ್‌ಎಚ್‌ಎಸ್ ನಿಯಮದ ಮೇಲೆ ಮಕ್ಕಳ ಆಟ ನಡೆಯುತ್ತದೆ. ಅದರಲ್ಲಿ ಸ್ನ್ಯಾಪ್‌ಗೆ ಮುಂಚೆ ಡಿಫೆನ್ಸ್‌ನವನ ಪಾದ ನ್ಯೂಟ್ರಲ್ ಝೋನ್‌ಗೆ (ಎರಡು ಲೈನ್‌ಗಳ ನಡುವೆ ಚೆಂಡಿನ ಉದ್ದದಷ್ಟು ಜಾಗಕ್ಕೆ) ಹೋದರೆ ಅಲ್ಲೇ ಸೀಟಿ, 5 ಯಾರ್ಡ್. ವಾಪಸ್ ಬಂದೆ ಎಂದರೂ ನಡೆಯದು. ಟೆಕ್ಸಾಸ್‌ನ ಹೈಸ್ಕೂಲ್‌ಗಳು ಆಡುವುದು ಕಾಲೇಜು ಆಟದ ಎನ್‌ಸಿಎಎ ನಿಯಮದ ಆಧಾರದಲ್ಲಿ. ಅಲ್ಲಿ ಯಾರನ್ನೂ ಮುಟ್ಟದೆ, ಬೆದರಿಸದೆ, ಸ್ನ್ಯಾಪ್‌ಗೆ ಮುಂಚೆ ಹಿಂದಿರುಗಿದರೆ ದಂಡವಿಲ್ಲ. 4ನೇ ಡೌನ್‌ಗೆ 4 ಯಾರ್ಡ್ ಬೇಕಿದ್ದಾಗ ಎದುರು ಕ್ವಾರ್ಟರ್‌ಬ್ಯಾಕ್ ದನಿ ಏರಿಸಿ ಕೂಗುವುದೇ ನಿಮ್ಮ ಮೈಕ್ ಒಂದು ಹೆಜ್ಜೆ ಮುಂದಿಡಲಿ ಎಂದು.

ಇನ್ನೆರಡು. ಎದುರಿನವರ ಕರೆಯನ್ನು ಕೆಡಿಸುವಂತೆ ಲೈನ್‌ಬ್ಯಾಕರ್ ಕೂಗುವುದು, ಕ್ವಾರ್ಟರ್‌ಬ್ಯಾಕ್ ದನಿ ಅನುಕರಿಸುವುದು ಎನ್‌ಎಫ್‌ಎಚ್‌ಎಸ್‌ನಲ್ಲಿ 15 ಯಾರ್ಡ್ ದಂಡ. "ನಕಲಿ ಬ್ಲಿಟ್ಜ್" ಕಾಲಿನಲ್ಲಿರಲಿ, ಬಾಯಲ್ಲಿ ಬೇಡ. ಪಾಸ್ ಕೈಬಿಟ್ಟ ಮೇಲೆ ಎಸೆದವನಿಗೆ ಢಿಕ್ಕಿ ಹೊಡೆದರೆ 15 ಯಾರ್ಡ್ ಜತೆಗೆ ಫಸ್ಟ್ ಡೌನ್. ನುಗ್ಗುವವರಿಗೆ ಮೊದಲ ದಿನದಿಂದಲೇ ಹೇಳಿ: ಚೆಂಡು ಹೋಯಿತು ಎಂದು ಕಂಡರೆ ಕೈ ಮೇಲೆ, ಭುಜ ಪಕ್ಕಕ್ಕೆ.

ತುಂಗೆ_ತೀರ

ಕಂಟೇನ್ ವಿಷಯ ಸ್ಪಷ್ಟವಾಯಿತು. ಈಗ ಆಳದ ವಿಷಯ ಹೇಳಿ. ಸ್ಯಾಮ್ ಹೊರಗಿನಿಂದ ಸರಿಯಾಗಿಯೇ ನುಗ್ಗುತ್ತಾನೆ, ಆದರೆ ಲೈನ್‌ನಿಂದ ಆರೇಳು ಯಾರ್ಡ್ ಆಳಕ್ಕೆ ಹೋಗಿ ಹಿಂತಿರುಗಿ ನೋಡುವಷ್ಟರಲ್ಲಿ ಚೆಂಡು ಅವನ ಒಳಗಡೆಯಿಂದ ದಾಟಿರುತ್ತದೆ.

ಬಿ_ಗ್ಯಾಪ್

ಅವನಿಗೆ ಗುರಿ ಕೊಟ್ಟಿಲ್ಲ, ಬರೀ ವೇಗ ಕೊಟ್ಟಿದ್ದೀರಿ. "ಚೆಂಡಿನ ಆಳಕ್ಕಿಂತ ಆಳಕ್ಕೆ ಹೋಗಬೇಡ" ಎನ್ನುವುದೇ ನಿಯಮ. ಕಲಿಸುವುದು ಹೀಗೆ.

ಹಾರ್ಡ್‌ವೇರ್ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಕಸದ ಡಬ್ಬಿ ಆರು ತನ್ನಿ. ಅವೇ ನಿಮ್ಮ ಆಫೆನ್ಸಿವ್ ಲೈನ್: ಸೆಂಟರ್, ಇಬ್ಬರು ಗಾರ್ಡ್, ಇಬ್ಬರು ಟ್ಯಾಕಲ್, ಬಲಗಡೆ ಒಬ್ಬ ಟೈಟ್ ಎಂಡ್. ಡಬ್ಬಿಗಳ ನಡುವೆ 2 ಅಡಿ ಬಿಡಿ. ಗಾಳಿಗೆ ಉರುಳದಂತೆ ಒಳಗೆ ಒಂದೊಂದು ಮರಳಿನ ಚೀಲ. ಜಾಗ ಪ್ರತಿ ಸಲ ಒಂದೇ ಇರಲಿ ಎಂದು ಹುಲ್ಲಿನ ಮೇಲೆ ಹಳೆಯ ನೀರಿನ ಪೈಪ್ ಹಾಸಿ, ಡಬ್ಬಿ ಕೂರುವ ಕಡೆ ಬಣ್ಣದ ಟೇಪ್ ಸುತ್ತಿ. ಮಕ್ಕಳಿಗೆ ಗ್ಯಾಪ್ ಎಂಬುದು ಬೋರ್ಡಿನ ಮೇಲಿನ ಅಕ್ಷರವಾಗಿ ತಲೆಗೆ ಹತ್ತುವುದಿಲ್ಲ, ಎರಡು ಡಬ್ಬಿಗಳ ನಡುವಿನ ಸಂದಿಯಾಗಿ ಹತ್ತುತ್ತದೆ.

ಲೈನ್‌ನ ಹಿಂದೆ ಮೂರು ಕೋನ್ ಇಡಿ. ಸೆಂಟರ್ ಡಬ್ಬಿಯ ಹಿಂದೆ 4 ಯಾರ್ಡ್‌ಗೆ ಒಂದು, ಅದು ಶಾಟ್‌ಗನ್ ಕ್ವಾರ್ಟರ್‌ಬ್ಯಾಕ್. ಟೈಟ್ ಎಂಡ್ ಡಬ್ಬಿಯ ಹೊರಗೆ 1 ಯಾರ್ಡ್, ಹಿಂದೆ 2 ಯಾರ್ಡ್‌ಗೆ ಇನ್ನೊಂದು, ಅದು ಸ್ಯಾಮ್‌ನ ಗುರಿ. ಎ ಗ್ಯಾಪ್‌ನ ನೇರಕ್ಕೆ 2 ಯಾರ್ಡ್ ಹಿಂದೆ ಮೂರನೆಯದು, ಮೈಕ್‌ನದು. ಅವರು ಪೂರ್ತಿ ವೇಗದಲ್ಲಿ ಓಡಬೇಕಾದ್ದು ತಮ್ಮ ಕೋನ್‌ವರೆಗೆ ಮಾತ್ರ. ಕೋನ್ ಹತ್ತಿರ ಹೆಜ್ಜೆ ಚಿಕ್ಕದಾಗಬೇಕು, ಸೊಂಟ ತಗ್ಗಬೇಕು, ಎದೆ ಚೆಂಡಿನ ಕಡೆ ತಿರುಗಬೇಕು. ಅಲ್ಲಿಂದ ಮುಂದೆ ಚೆಂಡು ಹೋದ ಕಡೆ.

ಚೆಂಡು ಸ್ಯಾಮ್‌ನ ಎದುರು ದಿಕ್ಕಿಗೆ ಹೋದರೆ ಅವನು ಚೆಂಡಿನಷ್ಟೇ ಆಳದಲ್ಲಿ ಹಿಂದಿನಿಂದ ಬೆನ್ನಟ್ಟುತ್ತಾನೆ, ಅಡ್ಡದಾರಿ ಹಿಡಿಯುವುದಿಲ್ಲ. ಚೆಂಡು ಮತ್ತೆ ಈ ಕಡೆಗೇ ತಿರುಗುವ ರಿವರ್ಸ್ ಮತ್ತು ಬೂಟ್‌ಲೆಗ್ ಎರಡೂ ಅವನ ಕೈಗೇ ಬರುತ್ತವೆ. ಸ್ವಾಪ್‌ನಲ್ಲಿ ಒಳಕ್ಕೆ ಹೋದ ಎಂಡ್ ಮಾತ್ರ ಲೈನ್‌ಗೆ ಅಂಟಿಕೊಂಡು ಓಡಬಹುದು. ಈ ಇಬ್ಬರ ದಾರಿ ಬೇರೆ ಬೇರೆ ಎಂಬುದನ್ನು ನಡೆಸಿಯೇ ತೋರಿಸಿ. ಬಾಯಲ್ಲಿ ಹೇಳಿದರೆ ಇಬ್ಬರೂ ಒಟ್ಟಿಗೆ ಚೆಂಡಿನ ಹಿಂದೆ ಓಡುತ್ತಾರೆ.

ಸ್ನ್ಯಾಪ್ ನೋಡುವುದಕ್ಕೆ: ಉದ್ದ ಕೋಲಿನ ತುದಿಗೆ ಚೆಂಡು ಕಟ್ಟಿ, ಸೆಂಟರ್ ಡಬ್ಬಿಯ ಮುಂದೆ ನೆಲಕ್ಕೆ ತಾಗಿಸಿ ಹಿಡಿಯಿರಿ. ಇನ್ನೊಬ್ಬ ಕೋಚ್ ಕ್ವಾರ್ಟರ್‌ಬ್ಯಾಕ್‌ನಂತೆ ಬಾಯಿಗೆ ಬಂದ ಹಾಗೆ ಕರೆ ಕೂಗಲಿ. ಚೆಂಡು ಅಲ್ಲಾಡುವವರೆಗೆ ಯಾರೂ ಅಲ್ಲಾಡಬಾರದು. ಹತ್ತು ಸಲದಲ್ಲಿ ನಾಲ್ಕು ಸಲ ಕೂಗಿಸಿ ಚೆಂಡು ಎಳೆಯಲೇಬೇಡಿ. ದನಿಗೆ ಓಡುವ ಮಗು ಎರಡು ದಿನದಲ್ಲಿ ಕಣ್ಣಿಗೆ ಓಡಲು ಶುರು ಮಾಡುತ್ತದೆ.

ಮೊದಲ ಹೆಜ್ಜೆ ಗ್ಯಾಪ್‌ಗೆ ಹತ್ತಿರದ ಕಾಲಿನಿಂದ, ಆರು ಅಂಗುಲ, ಹೆಚ್ಚಿಲ್ಲ. ದೊಡ್ಡ ಹೆಜ್ಜೆ ಇಟ್ಟರೆ ಎದೆ ಮೇಲೇಳುತ್ತದೆ, ಎದ್ದ ಎದೆಗೆ ಗಾರ್ಡ್‌ನ ಎರಡೂ ಕೈ ಸಿಗುತ್ತವೆ. ಗ್ಯಾಪ್ ದಾಟುವಾಗ ಒಂದು ಭುಜ ತಗ್ಗಿಸಿ, ಅದೇ ಕಡೆಯ ಕೈಯನ್ನು ಕೆಳಗಿನಿಂದ ಮೇಲಕ್ಕೆ ಸೀಳಿಸಬೇಕು. ಮೈಕ್‌ಗೆ ಇದೊಂದೇ ಸಾಕು, ಸ್ಪಿನ್ ಗಿನ್ ಏನೂ ಬೇಡ.

ಫೀಲ್ಡ್_ಫಿಸಿಯೊ

ತುಂಗೆಯವರೇ, ನೀವು ಕ್ಯಾಲಿಫೋರ್ನಿಯಾದಲ್ಲಿ ಇರುವುದರಿಂದ ಒಂದು ಮಿತಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2021ರಿಂದ ಜಾರಿಗೆ ಬಂದ ರಾಜ್ಯದ ಯೂತ್ ಫುಟ್‌ಬಾಲ್ ಕಾಯಿದೆಯ ಪ್ರಕಾರ ವಾರಕ್ಕೆ ಎರಡಕ್ಕಿಂತ ಹೆಚ್ಚು ಪೂರ್ಣ ಸಂಪರ್ಕದ ಪ್ರ್ಯಾಕ್ಟೀಸ್ ಇಲ್ಲ, ಒಂದೊಂದರಲ್ಲೂ ಪೂರ್ಣ ಸಂಪರ್ಕ 30 ನಿಮಿಷ ದಾಟುವಂತಿಲ್ಲ. ಅಂದರೆ ವಾರವಿಡೀ ಸೇರಿ ಒಂದು ಗಂಟೆ. ಅದನ್ನು ಆಫೆನ್ಸ್, ಡಿಫೆನ್ಸ್ ಎರಡೂ ಹಂಚಿಕೊಳ್ಳಬೇಕು. ಪಾಪ್ ವಾರ್ನರ್ ಎಂಬ ಮಕ್ಕಳ ಲೀಗ್‌ನ ತಂಡಗಳಿಗೂ 2016ರಿಂದ ಸಂಪರ್ಕದ ಅಭ್ಯಾಸ ಒಟ್ಟು ಅಭ್ಯಾಸದ ಕಾಲು ಭಾಗಕ್ಕೆ ಸೀಮಿತ.

ಬ್ಲಿಟ್ಜ್ ಕಲಿಸಲು ಇದು ಧಾರಾಳ ಸಾಕು, ಏಕೆಂದರೆ ದಾರಿ, ಕಣ್ಣು, ಹೆಜ್ಜೆ ಇವಕ್ಕೆ ಢಿಕ್ಕಿಯೇ ಬೇಡ. ಯುಎಸ್‌ಎ ಫುಟ್‌ಬಾಲ್ ಸಂಸ್ಥೆ ಸಂಪರ್ಕವನ್ನು ಐದು ಹಂತ ಮಾಡಿದೆ: ಏರ್, ಬ್ಯಾಗ್, ಕಂಟ್ರೋಲ್, ಥಡ್, ಲೈವ್. ಏರ್‌ನಲ್ಲಿ ಎದುರಿಗೆ ಯಾರೂ ಇಲ್ಲ. ಬ್ಯಾಗ್‌ನಲ್ಲಿ ಮೆತ್ತೆ. ಕಂಟ್ರೋಲ್‌ನಲ್ಲಿ ಗೆಲ್ಲುವವನು ಯಾರೆಂದು ಮೊದಲೇ ಗೊತ್ತು, ಇಬ್ಬರೂ ನಿಂತೇ ಇರುತ್ತಾರೆ. ಥಡ್‌ನಲ್ಲಿ ವೇಗ ಪೂರ್ತಿ, ಆದರೆ ಭುಜ ತಾಗಿದ ಕೂಡಲೇ ನಿಲ್ಲಬೇಕು, ಕೆಡವುವಂತಿಲ್ಲ. ಲೈವ್ ಎಂದರೆ ಪಂದ್ಯದ ಹಾಗೆ. ಬಿ_ಗ್ಯಾಪ್ ಹೇಳಿದ ಡಬ್ಬಿಯ ಅಭ್ಯಾಸ ಪೂರ್ತಿ ಏರ್ ಹಂತದ್ದು, ಎಷ್ಟು ಹೊತ್ತು ಮಾಡಿಸಿದರೂ ನಡೆಯುತ್ತದೆ. ಬ್ಲಿಟ್ಜ್‌ಗೆ ಲೈವ್ ಸಮಯ ವಾರಕ್ಕೆ 8–10 ನಿಮಿಷ ಮೀರಬೇಕಾಗಿಲ್ಲ.

ಬ್ಲಿಟ್ಜ್‌ನಲ್ಲಿ ಪೆಟ್ಟು ಬೀಳುವ ಸಂದರ್ಭವೇ ಬೇರೆ ಥರದ್ದು. ನುಗ್ಗುವವನು ಪೂರ್ತಿ ವೇಗದಲ್ಲಿರುತ್ತಾನೆ, ಎಸೆಯುವವನು ನಿಂತಿರುತ್ತಾನೆ, ಎಷ್ಟೋ ಸಲ ಬೆನ್ನು ತಿರುಗಿಸಿರುತ್ತಾನೆ. ನುಗ್ಗುವ ಮಗು ಕೊನೆಯ ಹೆಜ್ಜೆಯಲ್ಲಿ ಕಣ್ಣು ಮುಚ್ಚಿ ತಲೆ ಬಗ್ಗಿಸುವುದೇ ದೊಡ್ಡ ಅಪಾಯ, ಅವನ ಕುತ್ತಿಗೆಗೇ. ಗಲ್ಲ ಮೇಲೆ, ಕಣ್ಣು ತೆರೆದು, ಕೆನ್ನೆ ಎದುರಾಳಿಯ ಪಕ್ಕೆಯ ಹಿಂದೆ ಸೇರುವಂತೆ, ಹತ್ತಿರದ ಭುಜ ತೊಡೆಗೂ ಸೊಂಟಕ್ಕೂ ನಡುವೆ, ಎರಡೂ ಕೈ ಸುತ್ತಿ ಹಿಡಿತ. ಇದನ್ನು ಮೆತ್ತೆಯ ಮೇಲೆ ಮಂಡಿಯೂರಿ ಶುರು ಮಾಡಿಸಿ, ಆಮೇಲೆ ನಡೆದು, ಆಮೇಲೆ ಓಡಿ. ಮೂರು ಹಂತದಲ್ಲೂ ಗಲ್ಲ ತಗ್ಗದ ಮಗುವನ್ನು ಮಾತ್ರ ಬ್ಲಿಟ್ಜ್‌ಗೆ ಆರಿಸಿ.

ತಲೆಗೆ ಪೆಟ್ಟಾದ ಅನುಮಾನ ಬಂದರೆ ಆ ದಿನ ಆ ಮಗುವಿಗೆ ಆಟ ಮುಗಿಯಿತು. ವಾಷಿಂಗ್ಟನ್ ರಾಜ್ಯ 2009ರಲ್ಲಿ ಲಿಸ್ಟೆಡ್ ಕಾಯಿದೆ ತಂದ ಮೇಲೆ ಉಳಿದ ಎಲ್ಲ ರಾಜ್ಯಗಳೂ ಅಂಥ ಕಾಯಿದೆ ಮಾಡಿವೆ. ಕೋಚ್ "ಎರಡು ಡೌನ್ ಕೂತು ಬಾ" ಎನ್ನುವಂತಿಲ್ಲ.

ಕಟ್ಟಾ_ಡಿಫೆನ್ಸ್

ಫಿಸಿಯೊ ಮೇಡಂ ಹೇಳಿದ ಹಂತಗಳನ್ನು ನಾನೂ ಅನುಮೋದಿಸುತ್ತೇನೆ. ನನ್ನ "ಪ್ರತಿ ಡೌನ್" ವಾದಕ್ಕೆ ಇನ್ನೊಂದು ಆಧಾರ ಕೊಡುತ್ತೇನೆ.

ಬಿ_ಗ್ಯಾಪ್ ಅವರ 5-3ರಲ್ಲಿ ನಡುವಿನ ಮೂವರನ್ನು ನೋಡಿ: ಸೆಂಟರ್ ಮೇಲೆ ನೋಸ್, ಎರಡೂ ಗಾರ್ಡ್‌ಗಳ ಹೊರಭುಜದ ಮೇಲೆ ಟ್ಯಾಕಲ್‌ಗಳು. ಇದು ಕೋಚ್ ಬಡ್ಡಿ ರಯಾನ್ ಶಿಕಾಗೋ ಬೇರ್ಸ್‌ಗೆ ಕಟ್ಟಿದ 46 ಡಿಫೆನ್ಸ್‌ನ ಒಳಭಾಗವೇ. ಆ 46 ಎಂಬುದು ಸೇಫ್ಟಿ ಡಗ್ ಪ್ಲ್ಯಾಂಕ್ ಅವರ ಜೆರ್ಸಿ ಸಂಖ್ಯೆ. ಸೆಂಟರ್ ಮತ್ತು ಗಾರ್ಡ್ ಮೂವರಿಗೂ ಎದುರಿಗೆ ಒಬ್ಬೊಬ್ಬ ಇರುವುದರಿಂದ ಅವರಲ್ಲಿ ಯಾರೂ ಬಿಡುವಾಗಿ ಹೋಗಿ ಮೈಕ್‌ನನ್ನು ತಡೆಯಲಾರರು. ಗಾರ್ಡ್ ಟ್ರ್ಯಾಪ್‌ಗೆಂದು ಜಾಗ ಬಿಟ್ಟು ಓಡಿದರೆ ಅವನ ಮೇಲಿದ್ದ ಟ್ಯಾಕಲ್ ಅದೇ ಸಂದಿಯಲ್ಲಿ ಅವನ ಬೆನ್ನಟ್ಟುತ್ತಾನೆ. ಅಂದರೆ ಧಾರವಾಡದವರು ಹೇಳಿದ ಟ್ರ್ಯಾಪ್ ಈ ರಚನೆಯ ಎದುರು ಸುಲಭವಲ್ಲ. 1985ರ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಬೇರ್ಸ್ 46-10ರಿಂದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು ಸೋಲಿಸಿದ್ದು ಇದೇ ಒತ್ತಡದಿಂದ.

ಬಿ_ಗ್ಯಾಪ್

ಸರಿಯಾಗಿ ಹೇಳಿದಿರಿ, ಗಾರ್ಡ್‌ಗಳನ್ನು ಕಟ್ಟಿಹಾಕುವುದೇ ಈ ರಚನೆಯ ಜೀವ. ಆದರೆ ಅದೇ ಸೀಸನ್‌ನಲ್ಲಿ ಬೇರ್ಸ್ ಸೋತ ಒಂದೇ ಪಂದ್ಯವನ್ನೂ ಜತೆಗೆ ಇಟ್ಟು ನೋಡಬೇಕು. 1985ರ ಡಿಸೆಂಬರ್ 2ರಂದು ಮಯಾಮಿ 38-24ರಿಂದ ಗೆದ್ದಿತು. ಮೂರನೇ ರಿಸೀವರ್‌ನನ್ನು (ಪಾಸ್ ಹಿಡಿಯುವವನನ್ನು) ಒಳಗಡೆ ನಿಲ್ಲಿಸಿ, ಅವರ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೋ ಚೆಂಡನ್ನು ಬೇಗ ಬೇಗ ಬಿಟ್ಟರು, ಪಕ್ಕಕ್ಕೆ ಸರಿದೂ ಎಸೆದರು. ನುಗ್ಗುವವರು ಎಷ್ಟೇ ವೇಗವಾಗಿರಲಿ, ಚೆಂಡು ಅವರಿಗಿಂತ ಮುಂಚೆ ಹೊರಟರೆ ಹಿಂದೆ ಉಳಿಯುವುದು ಖಾಲಿ ಜಾಗ.

10–12ರ ಮಕ್ಕಳಲ್ಲಿ ಹಾಗೆ ಎಸೆಯುವವರು ಕಡಿಮೆ, ಆದರೆ ಎದುರು ತಂಡದಲ್ಲಿ ಅಂಥ ಒಬ್ಬನಿದ್ದರೂ ಪ್ರತಿ ಡೌನ್ ನುಗ್ಗಿಸುವ ಯೋಜನೆ ಅರ್ಧ ಗಂಟೆಯಲ್ಲಿ ಕುಸಿಯುತ್ತದೆ. ಆದ್ದರಿಂದ ಡೌನ್ ಮತ್ತು ದೂರ ನೋಡಿ. ಎದುರಿನವರು ತಮ್ಮದೇ 10 ಯಾರ್ಡ್ ಗೆರೆಯ ಒಳಗಿದ್ದರೆ ಮೈಕ್. 2ನೇ ಡೌನ್‌ಗೆ 8ಕ್ಕಿಂತ ಹೆಚ್ಚು ಬೇಕಿದ್ದರೆ ಸ್ವಾಪ್, ಏಕೆಂದರೆ ಸ್ವೀಪ್ ಅಥವಾ ರೋಲ್‌ಔಟ್ (ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಓಡಿ ಎಸೆಯುವುದು) ಬರುವ ಸಂಭವ ಹೆಚ್ಚು. 3ನೇ ಡೌನ್‌ಗೆ 1–2 ಬೇಕಿದ್ದರೆ ಹೊರಗಿನಿಂದ ನುಗ್ಗಿಸಿ ಪ್ರಯೋಜನವಿಲ್ಲ, ಓಟ ನಡುವೆಯೇ ಬರುತ್ತದೆ. ಮೈಕ್ ಕರೆಯಿರಿ, ಎಂಡ್‌ಗಳು ಜಾಗ ಬಿಡದಿರಲಿ.

ಧಾರವಾಡ_ಪೇಡೆ

ಡಬಲ್ ವಿಂಗ್ (ಲೈನ್‌ನ ಎರಡೂ ತುದೀಗೆ ಒಬ್ಬೊಬ್ಬ ಓಟಗಾರನ್ನ ನಿಲ್ಲಸೋ ಪದ್ಧತಿ) ಆಡೋ ತಂಡ ಎದುರಾದ್ರ ಈ ಲೆಕ್ಕ ಪೂರಾ ಬ್ಯಾರೆ ಆಗ್ತದ, ಅದನ್ನೂ ಬರದಿಡ್ತೀನಿ. ಅವರ ಲೈನ್‌ಮನ್ ಪಾದಕ್ಕ ಪಾದ ಹಚ್ಚಿ ನಿಲ್ತಾರ, ಮೈಕ್ ಹೋಗಾಕ ಎ ಗ್ಯಾಪ್ ಅನ್ನೂದ ಇರೂದಿಲ್ಲ. ಅಲ್ಲಿ ಮೈಕ್ ನುಗ್ಗಿಸಿದ್ರ ಗ್ವಾಡಿಗೆ ತಲೆ ಕೊಟ್ಟಂಗ. ನೋಸ್ ಮತ್ತ ಟ್ಯಾಕಲ್‌ಗಳು ನೆಲಕ್ಕ ಹತ್ತಿ, ಮೊಣಕಾಲಿನ ಎತ್ತರದಾಗ ಒಳಗ ತೂರಿ ಅಲ್ಲೇ ಗುಡ್ಡೆ ಬೀಳಬೇಕು, ಮುಂದ ಓಡೂದು ಬ್ಯಾಡ. ಗುಡ್ಡೆ ಬಿತ್ತು ಅಂದ್ರ ಅವರ ಗಾರ್ಡ್‌ಗಳು ಎಡವತಾರ.

ಅವರ ದೊಡ್ಡ ಪ್ಲೇ ಪವರ್: ಒಂದು ಕಡೀ ಗಾರ್ಡ್, ಟ್ಯಾಕಲ್ ಇಬ್ಬರೂ ಕಿತ್ತುಕೊಂಡು ಆ ಕಡೀ ಓಡ್ತಾರ. ಅವರು ಬಿಟ್ಟುಹೋದ ಜಾಗಾದಾಗ ದೊಡ್ಡ ಬಾಗಲಾ ತೆರೀತದ. ಹಿಂದಿನ ಕಡೀ ಲೈನ್‌ಬ್ಯಾಕರ್‌ಗೆ ಒಂದ ಕೆಲಸ ಕೊಡ್ರಿ: ನಿನ್ನ ಮುಂದಿನ ಗಾರ್ಡ್ ಎದ್ದು ಓಡಿದನೋ, ಅವನ ಬೆನ್ನ ಹಿಡಕೊಂಡು ಅದ ಬಾಗಲದಾಗ ನುಗ್ಗು. ಟೈಟ್ ಎಂಡ್ ಒಳಗ ಇಳಿದು ಬಾಗಲಾ ಮುಚ್ಚಾಕ ಬರ್ತಾನ, ಅವಗಿಂತ ಮುಂಚೆ ಹೋಗಬೇಕು, ಅಷ್ಟ. ಗಾರ್ಡ್ ಓಡಲಿಲ್ಲ ಅಂದ್ರ ನಿಂತಲ್ಲೇ ನಿಲ್ಲಬೇಕು. ಪವರ್ ಹೋಗೂ ಕಡೀ ಹೊರಗಿನಿಂದ ಮಾತ್ರ ಯಾರನ್ನೂ ನುಗ್ಗಸಬ್ಯಾಡ್ರಿ, ಫುಲ್‌ಬ್ಯಾಕ್ ಬಂದು ಆ ಹುಡುಗನ್ನ ಹೊರಗ ದೂಡ್ತಾನ, ಅವನ ಒಳಗಿನ ಬಾಜೂಕ ಎಲ್ಲಾರೂ ಹಾದು ಹೋಗ್ತಾರ.

ತುಂಗೆ_ತೀರ

ಮುಂದಿನ ಶನಿವಾರದ ತಂಡ ಸ್ಪ್ರೆಡ್ ಆಡುತ್ತದೆ, ಒಂದೇ ಕಡೆ ಮೂವರು ರಿಸೀವರ್. ಸ್ವಾಪ್ ಕರೆದ ಮೇಲೆ ಅವರು ಹಾಗೆ ನಿಂತರೆ ಸ್ಯಾಮ್ ಏನು ಮಾಡಬೇಕು?

ಬಿ_ಗ್ಯಾಪ್

ಕರೆ ತಾನಾಗಿ ರದ್ದಾಗಬೇಕು, ನೀವು ಸೈಡ್‌ಲೈನ್‌ನಿಂದ ಕೂಗುವ ಹಾಗಿರಬಾರದು. ನಿಯಮ ಒಂದೇ ಸಾಲಿನದು: ನನ್ನ ಕಡೆ ಮೂವರು ಹೊರಗೆ ನಿಂತರೆ ನಾನು ನುಗ್ಗುವುದಿಲ್ಲ. ಸ್ಯಾಮ್ ಎರಡೂ ಕೈ ತಲೆಯ ಮೇಲೆ ತಟ್ಟುತ್ತಾನೆ, ಎಂಡ್ ಅದನ್ನು ನೋಡಿ ತಾನೂ ತಟ್ಟುತ್ತಾನೆ, ಇಬ್ಬರೂ ಬೇಸ್‌ಗೆ ಮರಳುತ್ತಾರೆ. ಎಂಡ್ ಮರಳಿ ತಟ್ಟದಿದ್ದರೆ ಅವನು ನೋಡಿಲ್ಲ ಎಂದರ್ಥ, ಸ್ಯಾಮ್ ಹೋಗಿ ಬೆನ್ನು ತಟ್ಟಬೇಕು. ಸ್ಯಾಮ್ ಆಮೇಲೆ ಒಳಗಿನ ರಿಸೀವರ್ ಮತ್ತು ಟ್ಯಾಕಲ್ ನಡುವೆ, 4 ಯಾರ್ಡ್ ಹಿಂದೆ. ಮೈಕ್ ಕರೆಗೂ ಇದೇ ಬಗೆ: ಹಿಂದೆ ಓಟಗಾರ ಯಾರೂ ಇಲ್ಲದೆ ಐವರೂ ಹೊರಗೆ ನಿಂತರೆ ರದ್ದು.

ನಿಮ್ಮ ಮಕ್ಕಳು 13–14ಕ್ಕೆ ಬಂದಾಗ ಇದಕ್ಕೆ ಇನ್ನೂ ಒಳ್ಳೆಯ ಉತ್ತರವಿದೆ. 1980ರ ದಶಕದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ಕೋಚ್ ಡಿಕ್ ಲೆಬೋ ಬೆಳೆಸಿದ ಝೋನ್ ಬ್ಲಿಟ್ಜ್. ಒಂದು ಕಡೆಯಿಂದ ಲೈನ್‌ಬ್ಯಾಕರ್ ನುಗ್ಗಿದರೆ ಎದುರು ಕಡೆಯ ಎಂಡ್ ನುಗ್ಗದೆ ಹಿಂದಕ್ಕೆ ಇಳಿದು ಪಾಸ್ ಕಾಯುತ್ತಾನೆ. ನುಗ್ಗುವವರು ಐವರು, ಮುಂದಿನ ಜಾಗಕ್ಕೆ ಮೂವರು, ಹಿಂದೆ ಮೂವರು. ಈಗಲೇ ಬೇಡ. ಹನ್ನೊಂದು ವರ್ಷದ ಎಂಡ್‌ಗೆ "ಈ ಕರೆಗೆ ಮುಂದೆ, ಆ ಕರೆಗೆ ಹಿಂದೆ" ಎಂದು ಹೇಳಿದರೆ ಕಂಟೇನ್ ಮರೆತುಹೋಗುತ್ತದೆ.

ಚಿಕ್ಕ_ಸಂದೇಹ

ನಡುವೆ ಬಾಯಿ ಹಾಕುತ್ತಿದ್ದೇನೆ, ನಮ್ಮದು ಫ್ಲ್ಯಾಗ್ ಫುಟ್‌ಬಾಲ್, ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಆಟ. ಇದರಲ್ಲಿ ಯಾವುದಾದರೂ ನಮಗೆ ಉಪಯೋಗಕ್ಕೆ ಬರುತ್ತದೆಯೇ?

ಹಳದಿ_ಬಾವುಟ

ಎನ್‌ಎಫ್‌ಎಲ್ ಫ್ಲ್ಯಾಗ್ ನಿಯಮದಲ್ಲಿ ಆಡುತ್ತಿದ್ದರೆ ನುಗ್ಗುವವನು ಲೈನ್‌ನಿಂದ 7 ಯಾರ್ಡ್ ಹಿಂದೆ ನಿಂತಿರಬೇಕು, ಎಸೆಯುವವನಿಗೆ ಚೆಂಡು ಬಿಡಲು 7 ಸೆಕೆಂಡ್ ಇರುತ್ತದೆ. ಗ್ಯಾಪ್ ವಿಷಯ ನಿಮಗೆ ಬೇಡ. ಕೋನ್ ಅಭ್ಯಾಸ ಮತ್ತು ಕೋಲಿನ ಚೆಂಡಿನ ಅಭ್ಯಾಸ ಎರಡೂ ಹಾಗೆಯೇ ಬರುತ್ತವೆ. ನುಗ್ಗುವವನ ಗುರಿ ಎಸೆಯುವ ಕೈಯ ಕಡೆಯ ಸೊಂಟ. ಬಲಗೈಯವನಾದರೆ ಅವನ ಬಲ ಸೊಂಟ. ಆಗ ಅವನು ಸುಲಭವಾಗಿ ಎಸೆಯಲಾಗದ ಎಡಕ್ಕೆ ಸರಿಯುತ್ತಾನೆ. ಹಾರಿ ಕೈ ಬಡಿದರೆ ದಂಡ, ಫ್ಲ್ಯಾಗ್ ಮಾತ್ರ ಕೀಳಬೇಕು.

ತುಂಗೆ_ತೀರ

ಕೊನೆಯ ಪ್ರಶ್ನೆ. ಯಾವ ಮಗುವನ್ನು ಎಲ್ಲಿ ಹಾಕುವುದು? ವೇಗದ ಹುಡುಗ ಒಬ್ಬನೇ ಇದ್ದಾನೆ, ಎಲ್ಲರೂ ಅವನನ್ನು ಮೈಕ್ ಮಾಡಿ ಎನ್ನುತ್ತಾರೆ.

ಕಟ್ಟಾ_ಡಿಫೆನ್ಸ್

ಬೇಡ, ಅವನನ್ನು ಸ್ಯಾಮ್ ಮಾಡಿ. ಮೈಕ್ ಓಡಬೇಕಾದ್ದು ನೇರಕ್ಕೆ ಆರು ಯಾರ್ಡ್, ಅದಕ್ಕೆ ವೇಗಕ್ಕಿಂತ ತಗ್ಗಿ ಓಡುವ ಗಟ್ಟಿ ಮಗು ಸಾಕು. ಹೊರಗಿನಿಂದ ಬಂದು, ನಿಂತು, ತಿರುಗಿ ಮತ್ತೆ ಓಡಬೇಕಾದವನು ಸ್ಯಾಮ್. ಎದುರಿನವರು ಟೈಟ್ ಎಂಡ್‌ನನ್ನು ಕಡೆ ಬದಲಿಸಿದರೆ ಸ್ಯಾಮ್ ಮತ್ತು ವಿಲ್ ಕೂಡ ಬದಲಾಗಬೇಕು, ಆ ಓಟವನ್ನೂ ಅಭ್ಯಾಸದಲ್ಲಿ ಸೇರಿಸಿ.

ಎಂಡ್‌ಗೆ ಮಾತು ಕೇಳುವ ಮಗು ಬೇಕು, ಎತ್ತರ ಆಮೇಲೆ. ಸೇಫ್ಟಿಗೆ ತಂಡದಲ್ಲೇ ಅತ್ಯುತ್ತಮವಾಗಿ ಕೆಡವುವವನು, ಏಕೆಂದರೆ ಬ್ಲಿಟ್ಜ್ ತಪ್ಪಿದ ದಿನ ಅವನೇ ಕೊನೆಯವನು. ಪಾಪ್ ವಾರ್ನರ್ ಮುಂತಾದ ಕಡೆ ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಪ್ಲೇ ಕೊಡಲೇಬೇಕೆಂಬ ನಿಯಮ ಇದೆಯಲ್ಲ, ಹೊಸ ಮಕ್ಕಳನ್ನು ಕಾರ್ನರ್‌ನಲ್ಲಿ ಬಚ್ಚಿಡುವ ಬದಲು ನೋಸ್ ಜಾಗಕ್ಕೆ ಹಾಕಿ. ಕೈ ನೆಲಕ್ಕೆ, ಚೆಂಡು ಅಲ್ಲಾಡಿದಾಗ ನಾಲ್ಕು ಕಾಲಿನಲ್ಲಿ ಕರೆದ ಕಡೆಯ ಸಂದಿಗೆ, ಗಲ್ಲ ಮೇಲೆ. ಮೂರು ಪದದ ಕೆಲಸ. ಇಬ್ಬರು ಅವನ ಮೇಲೆ ಬಿದ್ದರೆ ಮೈಕ್‌ಗೆ ದಾರಿ ತೆರೆದಿರುತ್ತದೆ. ಆಗ ಮೈಕ್‌ನ ಹೆಸರಿನ ಜತೆಗೆ ಆ ನೋಸ್‌ನ ಹೆಸರನ್ನೂ ಗಟ್ಟಿಯಾಗಿ ಕೂಗಿ ಹೇಳಿ, ತಂಡದವರೆಲ್ಲರಿಗೂ ಕೇಳಿಸಲಿ.